ಡೇಟಾಬೇಸ್ ಅಪ್‌ಗ್ರೇಡ್‌ಗೆ ಯಾವ ದಾರಿ? ಮೊದಲು ವಾಪಸ್ ಬರುವ ದಾರಿ ನೋಡಿಕೊಳ್ಳಿ

ಉಡುಪಿ ಕಡೆಯ ಒಂದು ಸಹಕಾರಿ ಸಂಘದ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸಗಳಲ್ಲಿ ಒಂದು. ಒಂಬತ್ತು ಬ್ರಾಂಚ್, ಒಂದೇ ಡೇಟಾಬೇಸ್. ಅದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ನ 12ನೇ ಆವೃತ್ತಿಯಲ್ಲಿ ಓಡುತ್ತಿತ್ತು, ಅದರ ಕೆಳಗೆ ಸೆಂಟ್‌ಓಎಸ್ 7 ಅನ್ನುವ ಲಿನಕ್ಸ್. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ನಿಂತಿತು, ಪೋಸ್ಟ್‌ಗ್ರೆಸ್ 12ರದ್ದು ಅದೇ ವರ್ಷ ನವೆಂಬರ್‌ನಲ್ಲಿ. ಮಾಡೂ ಸೋರುತ್ತದೆ, ಗೋಡೆಯೂ ಒದ್ದೆ ಅನ್ನುವ ಹಾಗೆ. ಅಪ್‌ಗ್ರೇಡ್ ಮಾಡಲೇಬೇಕು ಅಂತ ಸೆಕ್ರೆಟರಿಯವರ ಹತ್ತಿರ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಹೊತ್ತು ಬಂದ್ ಮಾಡ್ಬೇಕು ಮಾರಾಯ್ರೆ?"

ಸರಿಯಾದ ಪ್ರಶ್ನೆಯೇ. ಆದರೆ ಅದೊಂದನ್ನೇ ಹಿಡಿದುಕೊಂಡು ಹೊರಟರೆ ನೀವು ಎಲ್ಲಕ್ಕಿಂತ ಬೇಗ ಮುಗಿಯುವ ವಿಧಾನವನ್ನೇ ಆರಿಸುತ್ತೀರಿ, ಮತ್ತು ಬೇಗ ಮುಗಿಯುವ ವಿಧಾನದಲ್ಲೇ ವಾಪಸ್ ಬರುವ ಬಾಗಿಲು ಕೂಡ ಬೇಗ ಮುಚ್ಚುತ್ತದೆ. ನಾನೂ ಅದನ್ನೇ ಮಾಡುವವನಿದ್ದೆ. ಟ್ರಯಲ್ ಮಾಡಿ ನೋಡಿದ್ದರಿಂದ ಬಚಾವ್. ಹಾಗಾಗಿ ಸೆಕ್ರೆಟರಿಯವರ ಪ್ರಶ್ನೆಯ ಪಕ್ಕದಲ್ಲೇ ಇನ್ನೊಂದನ್ನೂ ಬರೆದುಕೊಳ್ಳಿ: ಕೆಟ್ಟುಹೋದರೆ ಹಳೆಯದಕ್ಕೆ ಯಾವ ಗಂಟೆಯವರೆಗೆ ಹಿಂದೆ ಹೋಗಬಹುದು, ಆಗ ಏನೇನು ಕಳೆದುಕೊಳ್ಳುತ್ತೇವೆ?

ಅದಕ್ಕೂ ಮೊದಲು, ನಿಮಗೆ ಬೇಕಾದದ್ದು ಸಣ್ಣ ಅಪ್‌ಡೇಟಾ, ದೊಡ್ಡ ಅಪ್‌ಗ್ರೇಡಾ ಅಂತ ನೋಡಿ. ಇದರಲ್ಲೇ ಎಷ್ಟೋ ಜನ ಸುಮ್ನೆ ಮಂಡೆ ಬಿಸಿ ಮಾಡಿಕೊಳ್ಳುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ 10ನೇ ಆವೃತ್ತಿಯಿಂದ ಈಚೆಗೆ ಚುಕ್ಕಿಯ ಮೊದಲಿನ ಸಂಖ್ಯೆ ಬದಲಾದರೆ ದೊಡ್ಡದು, ಚುಕ್ಕಿಯ ಆಚೆಗಿನದ್ದು ಬದಲಾದರೆ ಸಣ್ಣದು. 17.2ರಿಂದ 17.4ಕ್ಕೆ ಹೋಗುವುದು ಪ್ಯಾಕೇಜ್ ಬದಲಿಸಿ ರೀಸ್ಟಾರ್ಟ್ ಮಾಡುವಷ್ಟು ಕೆಲಸ, ಫೈಲುಗಳ ರೂಪ ಬದಲಾಗುವುದಿಲ್ಲ. ಬಿಡುಗಡೆಯ ಟಿಪ್ಪಣಿ ಮಾತ್ರ ಓದಿ, ಕೆಲವೊಮ್ಮೆ ಇಂತಿಂಥ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಪಟ್ಟಿ) ಮತ್ತೆ ಕಟ್ಟಿ ಅಂತ ಇರುತ್ತದೆ. ಸಣ್ಣ ಅಪ್‌ಡೇಟ್‌ಗಳು ಮಾಮೂಲಾಗಿ ಫೆಬ್ರವರಿ, ಮೇ, ಆಗಸ್ಟ್, ನವೆಂಬರ್‌ನಲ್ಲಿ ಬರುತ್ತವೆ. ಇದಕ್ಕೆಲ್ಲ ಮೀಟಿಂಗ್ ಬೇಡ, ಒಂದು ಸಂಜೆ ಸಾಕು. ದೊಡ್ಡದು ಬೇರೆಯೇ ಕಥೆ. 12ರ ಡೇಟಾ ಫೋಲ್ಡರನ್ನು 17ರ ಎದುರು ಇಟ್ಟರೆ ಅದು ಸ್ಟಾರ್ಟೇ ಆಗುವುದಿಲ್ಲ. ನಡುವೆ ಯಾರಾದರೂ ಅದನ್ನು ದಾಟಿಸಬೇಕು. ಆ ದಾಟಿಸುವ ವಿಧಾನಗಳು ಮುಖ್ಯವಾಗಿ ಮೂರು.

ಅಷ್ಟರೊಳಗೆ ಎಷ್ಟು ಹೊತ್ತು ಬಂದ್ ಅನ್ನುವುದನ್ನು ಸರಿಯಾಗಿ ಕೇಳಿಕೊಳ್ಳಿ. "ರಾತ್ರಿ ಪೂರ್ತಿ ಮಾಡಿ, ಯಾರೂ ಇರುವುದಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ನಂಬಬೇಡಿ. ನಮ್ಮಲ್ಲಿ ಕೌಂಟರ್ ಸಂಜೆ ಮುಚ್ಚುತ್ತದೆ, ಆದರೆ ಪಿಗ್ಮಿ (ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ) ಕಲೆಕ್ಷನ್‌ನವರು ಅಂಗಡಿ ಅಂಗಡಿ ಸುತ್ತಿ ಮನೆಗೆ ಹೋಗಿ ಊಟ ಆದ ಮೇಲೆ ಮೊಬೈಲಿನಿಂದ ಕಲೆಕ್ಷನ್ ಕಳಿಸುತ್ತಾರೆ. ಪಿಗ್ಮಿ ಶುರುವಾದದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯಿಂದ. ಹಾಗಾಗಿ ಈ ಊರಿನಲ್ಲಿ ಅದನ್ನು ಮರೆತು ಯಾರೂ ಟೈಮ್‌ಟೇಬಲ್ ಹಾಕಬಾರದಿತ್ತು. ನಾನು ಮರೆತಿದ್ದೆ. ಸರ್ವರ್ ಲಾಗ್ ತೆಗೆದು, ನಾಲ್ಕು ವಾರದಲ್ಲಿ ಯಾವ ಗಂಟೆಗೆ ಎಷ್ಟು ವಹಿವಾಟು ಬರೆಯಲ್ಪಟ್ಟಿದೆ ಅಂತ ಎಣಿಸಿ ನೋಡಿದಾಗ ರಾತ್ರಿ ಒಂಬತ್ತೂವರೆಗೆ ಒಂದು ಗುಡ್ಡ ಎದ್ದಿತ್ತು. ನೀವೂ ಹಾಗೆಯೇ ಲಾಗ್ ನೋಡಿ. ಮನುಷ್ಯರನ್ನು ಕೇಳಿದರೆ ಅವರು ತಮ್ಮ ಮೇಜಿನ ಕಥೆ ಮಾತ್ರ ಹೇಳುತ್ತಾರೆ. ಕೊನೆಗೆ ನಮಗೆ ಸಿಕ್ಕಿದ್ದು ಶನಿವಾರ ರಾತ್ರಿ ಹನ್ನೊಂದರಿಂದ ಭಾನುವಾರ ಸಂಜೆ ನಾಲ್ಕರವರೆಗೆ. ಪಿಗ್ಮಿಯವರಿಗೆ ಶನಿವಾರದ್ದನ್ನು ಹತ್ತರೊಳಗೆ ಕಳಿಸಿ, ಭಾನುವಾರದ್ದನ್ನು ಮೊಬೈಲಿನಲ್ಲೇ ಇಟ್ಟುಕೊಳ್ಳಿ ಅಂತ ಮೊದಲೇ ಹೇಳಿದೆವು.

ಹದಿನೇಳು ಗಂಟೆ ಅಂತ ಕಾಣುತ್ತದೆ, ಅಲ್ವಾ? ಅಷ್ಟೂ ನಿಮ್ಮದಲ್ಲ. ಮುಂದೆ ಹೋಗಲು ಎಷ್ಟು ಬೇಕೋ, ಕೆಟ್ಟರೆ ಹಿಂದೆ ಬರಲೂ ಅದರಲ್ಲೇ ಸಮಯ ಇರಬೇಕು, ಮತ್ತೆ ಕೂತು ಪರೀಕ್ಷೆ ಮಾಡಲು ಒಂದೆರಡು ಗಂಟೆ. ಹಾಗೆ ಕಳೆದರೆ ನಿಜವಾದ ಕೆಲಸಕ್ಕೆ ಸಿಗುವುದು ಎಂಟು ಗಂಟೆ ಅಂತ ನಾನು ಲೆಕ್ಕ ಹಾಕಿದೆ.

ಈಗ ವಿಧಾನಗಳು.

ಮೊದಲನೆಯದು ಪಿಜಿ ಅಪ್‌ಗ್ರೇಡ್. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಸಾಧನ. ಇದು ನಿಮ್ಮ ಡೇಟಾವನ್ನು ಒಂದೊಂದೇ ಸಾಲು ಓದಿ ಬರೆಯುವುದಿಲ್ಲ. ಟೇಬಲ್‌ಗಳ ವಿವರ ಇರುವ ಕ್ಯಾಟಲಾಗ್ ಮಾತ್ರ ಹೊಸದಾಗಿ ಕಟ್ಟಿ, ಡೇಟಾ ಫೈಲುಗಳನ್ನು ಹಾಗೇ ಹೊಸ ಕಡೆಗೆ ಒಯ್ಯುತ್ತದೆ. ಒಯ್ಯುವುದು ಹೇಗೆ ಅನ್ನುವುದರಲ್ಲೇ ಎಲ್ಲ ಇರುವುದು. ಏನೂ ಹೇಳದಿದ್ದರೆ ಫೈಲ್ ಕಾಪಿ ಮಾಡುತ್ತದೆ: ಡಿಸ್ಕಿನಲ್ಲಿ ಇನ್ನೊಂದು ಪಾಲು ಜಾಗ ಬೇಕು, ಹೊತ್ತು ಹಿಡಿಯುತ್ತದೆ, ಆದರೆ ಹಳೆಯದು ಹಾಗೇ ಉಳಿಯುತ್ತದೆ. ಲಿಂಕ್ ಆಯ್ಕೆ ಕೊಟ್ಟರೆ ಕಾಪಿಯೇ ಇಲ್ಲ, ಒಂದೇ ಫೈಲಿಗೆ ಹಳೆಯದರಿಂದಲೂ ಹೊಸದರಿಂದಲೂ ಹಾರ್ಡ್ ಲಿಂಕ್. ನೂರಾರು ಜಿಬಿ ಇದ್ದರೂ ಕೆಲವೇ ನಿಮಿಷದಲ್ಲಿ ಮುಗಿದು ಹೋಗುತ್ತದೆ. ನೋಡಿದವರಿಗೆ ಮ್ಯಾಜಿಕ್. ಆದರೆ ಹೊಸ ಸರ್ವರನ್ನು ಒಂದು ಸಲ ಸ್ಟಾರ್ಟ್ ಮಾಡಿದಿರಿ ಅಂದರೆ ಅದು ಅದೇ ಫೈಲುಗಳಿಗೆ ಬರೆಯಲು ಶುರು ಮಾಡುತ್ತದೆ, ಆಮೇಲೆ ಹಳೆಯ ಸರ್ವರನ್ನು ಮುಟ್ಟುವ ಹಾಗಿಲ್ಲ. ವಾಪಸ್ ದಾರಿ ಅಂದರೆ ಬ್ಯಾಕಪ್‌ನಿಂದ ರಿಸ್ಟೋರ್ ಮಾಡುವುದು ಮಾತ್ರ. ಬಾಗಿಲು ಮುಚ್ಚಿದ್ದು ಯಾವಾಗ? ನೀವು ಇನ್ನೂ ಏನನ್ನೂ ಪರೀಕ್ಷೆ ಮಾಡುವ ಮೊದಲೇ. ನನಗೆ ಇದರ ಬಗ್ಗೆ ಇರುವ ತಕರಾರು ಇಷ್ಟೇ.

ನಡುವಿನ ದಾರಿ ಒಂದುಂಟು: ಕ್ಲೋನ್ ಆಯ್ಕೆ. ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಂನಲ್ಲಿ ರಿಫ್ಲಿಂಕ್ ಸೌಲಭ್ಯ ಇದ್ದರೆ ಫೈಲ್ ಕಾಪಿ ಆದ ಹಾಗೆಯೂ ಆಗುತ್ತದೆ, ಹೊತ್ತೂ ಹಿಡಿಯುವುದಿಲ್ಲ, ಬದಲಾದ ಭಾಗ ಮಾತ್ರ ಬೇರೆ ಜಾಗ ತಿನ್ನುತ್ತದೆ. ಹಳೆಯದೂ ಉಳಿಯುತ್ತದೆ. ನಿಮ್ಮ ಡಿಸ್ಕ್ ಇದಕ್ಕೆ ಒಪ್ಪುತ್ತದಾ ಅಂತ ನೋಡಿ. ಒಪ್ಪಿದರೆ ಲಿಂಕ್ ಕಡೆ ತಿರುಗಿ ನೋಡುವ ಅಗತ್ಯವೇ ಇಲ್ಲ. ಯಾವುದನ್ನು ಆರಿಸಿದರೂ ಮೊದಲು ಚೆಕ್ ಆಯ್ಕೆ ಕೊಟ್ಟು ಓಡಿಸಿ. ಅದು ಹಳೆಯ ಸರ್ವರ್ ಓಡುತ್ತಿರುವಾಗಲೇ, ಏನೂ ಬದಲಿಸದೆ, ಎಲ್ಲಿ ತೊಡಕಾಗಬಹುದು ಅಂತ ಹೇಳುತ್ತದೆ. 12ರಿಂದ 17ಕ್ಕೆ ನೇರ ಹಾರಬಹುದು, ನಡುವಿನ ಮೆಟ್ಟಿಲು ಒಂದೊಂದೇ ಹತ್ತಬೇಕಾಗಿಲ್ಲ.

ನಾನು ಮೊದಲು ಆರಿಸಿದ್ದು ಇದನ್ನೇ. ಲಿಂಕ್ ಹಾಕಿ ಹತ್ತು ನಿಮಿಷದಲ್ಲಿ ಮುಗಿಸಿ, ಭಾನುವಾರ ಮಲ್ಪೆಗೆ ಮೀನಿಗೆ ಹೋಗುವುದು ಅಂತ ಲೆಕ್ಕ. ಕೈಕೊಟ್ಟದ್ದು ಪೋಸ್ಟ್‌ಗ್ರೆಸ್ ಅಲ್ಲ, ಅದರ ಕೆಳಗಿನ ಲಿನಕ್ಸ್.

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ತುಂಬಾ ಜನರಿಗೆ ಗೊತ್ತೇ ಇರುವುದಿಲ್ಲ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅಂತ ಪೋಸ್ಟ್‌ಗ್ರೆಸ್ ಮಾಮೂಲಾಗಿ ತಾನೇ ನಿರ್ಧರಿಸುವುದಿಲ್ಲ, ಲಿನಕ್ಸ್‌ನ ಗ್ಲಿಬ್‌ಸಿ ಅನ್ನುವ ಲೈಬ್ರರಿಯನ್ನು ಕೇಳುತ್ತದೆ. ಆ ಲೈಬ್ರರಿಯ 2.28ನೇ ಆವೃತ್ತಿಯಲ್ಲಿ, ಅಂದರೆ 2018ರಲ್ಲಿ, ಜೋಡಿಸುವ ಕ್ರಮ ಬದಲಾಯಿತು. ಸೆಂಟ್‌ಓಎಸ್ 7ರಲ್ಲಿ ಇದ್ದದ್ದು 2.17. ಹೊಸ ಮೆಷಿನ್‌ಗೆ ಹಾಕಿದ್ದ ರಾಕಿ ಲಿನಕ್ಸ್ 9ರಲ್ಲಿ 2.34. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ: ಒಂದು ಫೈಲಿನಲ್ಲಿ ಒಂದು ಸಾಲು "1-1", ಇನ್ನೊಂದು ಸಾಲು "11" ಅಂತ ಬರೆದು, ಎರಡೂ ಮೆಷಿನ್‌ನಲ್ಲಿ ಇಂಗ್ಲಿಷ್ ಲೊಕೇಲ್ ಇಟ್ಟು ಸಾರ್ಟ್ ಮಾಡಿ. ಹಳೆಯದರಲ್ಲಿ 11 ಮೊದಲು ಬರುತ್ತದೆ, ಹೊಸದರಲ್ಲಿ 1-1 ಮೊದಲು. ಇಷ್ಟೇ ತಾನೇ ಅನಿಸಬಹುದು. ನಮ್ಮ ಸಂಘದಲ್ಲಿ ಖಾತೆ ನಂಬರ್ ಬರೆಯುವುದೇ ಹೀಗೆ, ಬ್ರಾಂಚ್ ನಂಬರ್, ಅಡ್ಡಗೆರೆ, ಖಾತೆ.

ಇಂಡೆಕ್ಸ್ ಅಂದರೆ ಕ್ರಮವಾಗಿ ಜೋಡಿಸಿಟ್ಟ ಪಟ್ಟಿ. ಡಿಸ್ಕಿನಲ್ಲಿ ಅದು ಹಳೆಯ ಕ್ರಮದಲ್ಲೇ ಕೂತಿರುತ್ತದೆ. ಪಿಜಿ ಅಪ್‌ಗ್ರೇಡ್ ಅದನ್ನು ಹಾಗೇ ಎತ್ತಿ ತರುತ್ತದೆ. ಹೊಸ ಸರ್ವರ್ ಹೊಸ ಕ್ರಮ ಅಂದುಕೊಂಡು ಹುಡುಕುತ್ತದೆ. ಟ್ರಯಲ್ ಮೆಷಿನ್‌ನಲ್ಲಿ ಒಂದು ಖಾತೆ ನಂಬರ್ ಹಾಕಿ ಹುಡುಕಿದೆ. ಇಲ್ಲ ಅಂದಿತು. ಅದೇ ಖಾತೆಯನ್ನು ಸದಸ್ಯರ ಹೆಸರಿನ ಮೂಲಕ ತೆರೆದೆ, ಅಲ್ಲೇ ಇದೆ, ಬ್ಯಾಲೆನ್ಸ್ ಸಮೇತ. ಎದೆ ಧಸಕ್ ಅಂದಿತು. ಡೇಟಾ ಎಲ್ಲೂ ಹೋಗಿರಲಿಲ್ಲ, ಹುಡುಕುವ ದಾರಿ ಮಾತ್ರ ತಪ್ಪಿತ್ತು. ಇದಕ್ಕಿಂತ ಕೆಟ್ಟದ್ದು ಇನ್ನೊಂದುಂಟು: ಯೂನಿಕ್ ಇಂಡೆಕ್ಸ್ ಹೀಗೆ ದಾರಿ ತಪ್ಪಿದರೆ "ಈ ನಂಬರ್ ಈಗಾಗಲೇ ಇದೆ" ಅಂತ ತಡೆಯುವುದಿಲ್ಲ, ಅದೇ ನಂಬರಿನ ಎರಡನೇ ಖಾತೆಯನ್ನು ಸುಮ್ನೆ ಒಳಗೆ ಬಿಟ್ಟುಕೊಳ್ಳುತ್ತದೆ. ಎರರ್ ಇಲ್ಲ, ಲಾಗ್‌ನಲ್ಲಿ ಏನೂ ಇಲ್ಲ. ಆಡಿಟ್‌ನವರು ಬಂದಾಗ ಗೊತ್ತಾಗುವುದು.

ಪರಿಹಾರ ಇದೆ, ಪಠ್ಯ ಇರುವ ಎಲ್ಲ ಇಂಡೆಕ್ಸ್ ಮತ್ತೆ ಕಟ್ಟುವುದು. ನಮ್ಮ ಡೇಟಾ ಸುಮಾರು 180 ಜಿಬಿ. ಹಳೆಯ ಮೆಷಿನ್‌ನಿಂದ ಹೊಸದಕ್ಕೆ ಫೈಲ್ ಸಾಗಿಸುವ ಹೊತ್ತು, ಹೊಸ ಮೆಷಿನ್‌ನಲ್ಲಿ 12 ಮತ್ತು 17 ಎರಡನ್ನೂ ಹಾಕುವ ಕೆಲಸ (ಪಿಜಿ ಅಪ್‌ಗ್ರೇಡ್‌ಗೆ ಎರಡೂ ಒಂದೇ ಮೆಷಿನ್‌ನಲ್ಲಿ ಬೇಕು), ಮತ್ತೆ ಇಂಡೆಕ್ಸ್ ಕಟ್ಟುವುದು, ಎಲ್ಲ ಕೂಡಿಸಿದರೆ ಹತ್ತು ನಿಮಿಷದ ಮ್ಯಾಜಿಕ್ ಮೂರು ಗಂಟೆ ದಾಟಿತು. ಲಿನಕ್ಸ್ ಬದಲಾಗದೆ, ಅದೇ ಮೆಷಿನ್‌ನಲ್ಲಿ ಪೋಸ್ಟ್‌ಗ್ರೆಸ್ ಮಾತ್ರ ಏರಿಸುವುದಾದರೆ ಪಿಜಿ ಅಪ್‌ಗ್ರೇಡ್ ಕಣ್ಣು ಮುಚ್ಚಿ ಆರಿಸಿ, ಕ್ಲೋನ್ ಅಥವಾ ಕಾಪಿ ಆಯ್ಕೆಯಲ್ಲಿ. ನಿಮ್ಮ ಡೇಟಾಬೇಸ್‌ನ ಕೊಲೇಶನ್ (ಅಕ್ಷರ ಜೋಡಿಸುವ ಕ್ರಮದ ಸೆಟ್ಟಿಂಗ್) "ಸಿ" ಅಂತ ಇದ್ದರೆ ಲಿನಕ್ಸ್ ಬದಲಾದರೂ ಈ ತೊಂದರೆ ಇಲ್ಲ. ಅದನ್ನು ಡೇಟಾಬೇಸ್ ಪಟ್ಟಿ ತೆಗೆದರೆ ಅಲ್ಲೇ ತೋರಿಸುತ್ತದೆ, ಈಗಲೇ ನೋಡಿಕೊಳ್ಳಿ.

ಎರಡನೆಯದು ಡಂಪ್ ಮತ್ತು ರಿಸ್ಟೋರ್. ಅಜ್ಜನ ಕಾಲದ್ದು, ನಿಧಾನ, ಆದರೆ ಪ್ರಾಮಾಣಿಕ. ಮಳೆಗಾಲಕ್ಕೆ ಮೊದಲು ಮಾಡಿನ ಹಂಚು ಎಲ್ಲ ಇಳಿಸಿ, ಒಡೆದದ್ದು ಬದಿಗಿಟ್ಟು, ಮತ್ತೆ ಹೊದೆಸುವ ಹಾಗೆ. ಹಳೆಯ ಸರ್ವರ್‌ನಿಂದ ಪ್ರತಿ ಸಾಲನ್ನೂ ಓದುತ್ತದೆ, ಹೊಸದರಲ್ಲಿ ಬರೆಯುತ್ತದೆ, ಇಂಡೆಕ್ಸ್‌ಗಳನ್ನು ಅಲ್ಲೇ ಹೊಸದಾಗಿ ಕಟ್ಟುತ್ತದೆ. ಹಾಗಾಗಿ ಮೇಲೆ ಹೇಳಿದ ಗ್ಲಿಬ್‌ಸಿ ರಗಳೆ ತನ್ನಷ್ಟಕ್ಕೇ ಮಾಯ. ವರ್ಷಗಟ್ಟಲೆ ಅಪ್‌ಡೇಟ್, ಡಿಲೀಟ್ ಆಗಿ ಉಬ್ಬಿದ್ದ ಟೇಬಲ್‌ಗಳೂ ಇಳಿಯುತ್ತವೆ. ಹಳೆಯ ಸರ್ವರನ್ನು ಓದುವುದು ಬಿಟ್ಟು ಮತ್ತೇನೂ ಮಾಡದ ಕಾರಣ ವಾಪಸ್ ದಾರಿ ಪೂರ್ತಿ ತೆರೆದಿರುತ್ತದೆ, ಹೊಸದರಲ್ಲಿ ಮೊದಲ ಹೊಸ ವಹಿವಾಟು ಬೀಳುವವರೆಗೂ.

ಮಾಡುವಾಗ ನಾಲ್ಕೈದು ಸಂಗತಿ ನೆನಪಿರಲಿ. ಡಂಪ್ ತೆಗೆಯುವ ಸಾಧನ ಹೊಸ ಆವೃತ್ತಿಯದ್ದೇ ಇರಲಿ. 17ರ ಪಿಜಿ ಡಂಪ್ 12ರ ಸರ್ವರನ್ನು ಚೆನ್ನಾಗಿ ಓದುತ್ತದೆ. ಒಂದೇ ಉದ್ದದ ಫೈಲ್ ಮಾಡಬೇಡಿ, ಡೈರೆಕ್ಟರಿ ರೂಪದಲ್ಲಿ ತೆಗೆದರೆ ನಾಲ್ಕೋ ಎಂಟೋ ಜಾಬ್ ಒಟ್ಟಿಗೆ ಓಡಿಸಬಹುದು, ರಿಸ್ಟೋರ್‌ನಲ್ಲೂ ಹಾಗೆಯೇ. ಒಂದೊಂದೇ ಡೇಟಾಬೇಸ್‌ನ ಡಂಪ್‌ನಲ್ಲಿ ಯೂಸರ್‌ಗಳು, ಪಾಸ್‌ವರ್ಡ್‌ಗಳು ಬರುವುದಿಲ್ಲ. ಅದಕ್ಕೆ ಪಿಜಿ ಡಂಪ್ ಆಲ್‌ನಲ್ಲಿ ಗ್ಲೋಬಲ್ಸ್ ಮಾತ್ರ ತೆಗೆಯುವ ಆಯ್ಕೆ ಇದೆ, ಅದನ್ನು ಮೊದಲು ಹಾಕಿ. ಇಂಡೆಕ್ಸ್ ಕಟ್ಟುವಾಗ ಬಳಸುವ ಮೆಮೊರಿಯ ಮಿತಿಯನ್ನು ಆ ರಾತ್ರಿಗೆ ಮಾತ್ರ ಏರಿಸಿ, ತುಂಬಾ ವ್ಯತ್ಯಾಸ ಆಗುತ್ತದೆ. ನಮ್ಮ ಟ್ರಯಲ್‌ನಲ್ಲಿ ಡಂಪ್‌ಗೆ 50 ನಿಮಿಷ, ರಿಸ್ಟೋರ್‌ಗೆ ನಾಲ್ಕು ಗಂಟೆ ಚಿಲ್ಲರೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಇಂಡೆಕ್ಸ್‌ಗೇ ಹೋಯಿತು. ಐದು ಗಂಟೆ. ನನ್ನ ಎಂಟು ಗಂಟೆಯ ಒಳಗೆ ಕೂತಿತು. ಹಾಗಾಗಿ ಇದನ್ನೇ ಆರಿಸಿದೆವು. ಪಿಜಿ ಅಪ್‌ಗ್ರೇಡ್‌ನಿಂದ ಎರಡು ಗಂಟೆ ಉಳಿಯುತ್ತಿತ್ತು, ಆದರೆ ಭಾನುವಾರ ಬೆಳಗಿನ ಜಾವ ಆ ಎರಡು ಗಂಟೆ ಉಳಿಸಿ ಯಾರಿಗೆ ಕೊಡಬೇಕಿತ್ತು?

ಇನ್ನೊಂದು ಲಾಭ ನಿರೀಕ್ಷೆ ಮಾಡದೆ ಸಿಕ್ಕಿತು. ಮೊದಲ ಟ್ರಯಲ್‌ನಲ್ಲಿ ಒಂದು ಯೂನಿಕ್ ಇಂಡೆಕ್ಸ್ ಕಟ್ಟಲು ಆಗಲಿಲ್ಲ, ಒಂದೇ ನಂಬರಿನ ಎರಡು ಸಾಲು ಇದೆ ಅಂತ ಎರರ್. ಹಳೆಯ ಸರ್ವರ್‌ನಲ್ಲಿ ಯಾವಾಗಲೋ ಇಂಡೆಕ್ಸ್ ಕೆಟ್ಟು ಒಳಗೆ ನುಗ್ಗಿದ್ದ ಸಾಲು. ಪಿಜಿ ಅಪ್‌ಗ್ರೇಡ್ ಆಗಿದ್ದರೆ ಅದನ್ನೂ ಬಾಯಿ ಮುಚ್ಚಿಕೊಂಡು ಹೊತ್ತು ತರುತ್ತಿತ್ತು. ಬ್ರಾಂಚ್‌ನವರ ಹತ್ತಿರ ಲೆಡ್ಜರ್ ತೆಗೆಸಿ, ಯಾವುದು ಸರಿ ಅಂತ ನೋಡಿ, ಹಳೆಯದರಲ್ಲೇ ಸರಿ ಮಾಡಿದೆವು.

ಮೂರನೆಯದು ಲಾಜಿಕಲ್ ರೆಪ್ಲಿಕೇಶನ್. ಗಂಟೆಗಟ್ಟಲೆ ನಿಲ್ಲಿಸುವುದು ಸಾಧ್ಯವೇ ಇಲ್ಲ ಅನ್ನುವವರಿಗೆ. ಮಂಗಳೂರು, ಮಣಿಪಾಲದಲ್ಲಿ ಆಸ್ಪತ್ರೆಗಳಿಗೇನು ಕಡಿಮೆ? ರಾತ್ರಿ ಎರಡಕ್ಕೆ ಕ್ಯಾಶುವಾಲ್ಟಿಗೆ ಬಂದವರಿಗೆ "ಸರ್ವರ್ ಅಪ್‌ಗ್ರೇಡ್ ಆಗ್ತಾ ಉಂಟು, ನಾಳೆ ಬನ್ನಿ" ಅನ್ನಲು ಆಗುತ್ತದಾ? ಇದರಲ್ಲಿ ಹಳೆಯ ಸರ್ವರ್ ಓಡುತ್ತಲೇ ಇರುತ್ತದೆ. ಪಕ್ಕದಲ್ಲಿ ಹೊಸ ಆವೃತ್ತಿಯ ಸರ್ವರ್ ನಿಲ್ಲಿಸಿ, ಮೊದಲು ಇದ್ದ ಡೇಟಾ ಪೂರ್ತಿ ಕಾಪಿ ಮಾಡಿ, ಆಮೇಲೆ ಆಗುವ ಒಂದೊಂದು ಬದಲಾವಣೆಯೂ ಹಿಂದೆಯೇ ಹರಿದು ಬರುವ ಹಾಗೆ ಮಾಡುತ್ತೀರಿ. ಎರಡೂ ಸರಿಸಮ ಆದ ಮೇಲೆ ಅಪ್ಲಿಕೇಶನನ್ನು ಒಂದೆರಡು ನಿಮಿಷ ನಿಲ್ಲಿಸಿ ಹೊಸದಕ್ಕೆ ತಿರುಗಿಸುತ್ತೀರಿ. ಮಾಮೂಲಿ ಸ್ಟ್ಯಾಂಡ್‌ಬೈ (ಪಕ್ಕದಲ್ಲಿ ಸಿದ್ಧವಾಗಿ ನಿಲ್ಲಿಸಿದ ಪಡಿಯಚ್ಚು ಸರ್ವರ್) ಇಟ್ಟು ಇದನ್ನು ಮಾಡಲಾಗುವುದಿಲ್ಲ, ಅದು ಬಳಸುವ ಫಿಸಿಕಲ್ ರೆಪ್ಲಿಕೇಶನ್‌ಗೆ ಎರಡೂ ಕಡೆ ಒಂದೇ ದೊಡ್ಡ ಆವೃತ್ತಿ ಬೇಕು.

ವಾಪಸ್ ದಾರಿ ಇದರಲ್ಲೇ ಎಲ್ಲಕ್ಕಿಂತ ಉದ್ದ. ತಿರುಗಿಸಿದ ಕೂಡಲೇ ಹರಿವನ್ನೂ ಉಲ್ಟಾ ಮಾಡಬಹುದು: ಹೊಸದರಿಂದ ಹಳೆಯದಕ್ಕೆ. ಬುಧವಾರ ಏನೋ ಕೆಟ್ಟರೂ ಸೋಮವಾರ, ಮಂಗಳವಾರದ ವಹಿವಾಟು ಕಳೆದುಕೊಳ್ಳದೆ ಹಿಂದೆ ಬರಬಹುದು. ಬೇರೆ ಯಾವ ವಿಧಾನವೂ ಇದನ್ನು ಕೊಡುವುದಿಲ್ಲ.

ಮತ್ತೆ ಎಲ್ಲರೂ ಇದನ್ನೇ ಮಾಡುವುದಿಲ್ಲ ಯಾಕೆ? ಕೆಲಸ ಜಾಸ್ತಿ, ಎಡವುವ ಜಾಗಗಳೂ ಜಾಸ್ತಿ. ಒಂದು ಆಸ್ಪತ್ರೆಯಲ್ಲಿ ಇದನ್ನು ಮಾಡಿದ ಗೆಳೆಯನೊಬ್ಬ ಇದ್ದಾನೆ. ಅವನು ಪಬ್ಲಿಕೇಶನ್‌ಗೆ, ಅಂದರೆ ಯಾವ ಟೇಬಲ್‌ಗಳು ಹರಿದು ಹೋಗಬೇಕು ಅನ್ನುವ ಪಟ್ಟಿಗೆ, ಎಲ್ಲ ಟೇಬಲ್ ಸೇರಿಸಿದ ಐದನೇ ನಿಮಿಷಕ್ಕೆ ಲ್ಯಾಬ್‌ನಿಂದ ಫೋನ್, ರಿಪೋರ್ಟ್ ತಿದ್ದಲು ಆಗುತ್ತಿಲ್ಲ ಅಂತ. ಆ ಟೇಬಲ್‌ಗೆ ಪ್ರೈಮರಿ ಕೀ (ಒಂದೊಂದು ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಇರಲಿಲ್ಲ. ಕೀ ಇಲ್ಲದ ಟೇಬಲನ್ನು ಸೇರಿಸಿದರೆ ಹೊಸ ಸಾಲು ಹಾಕಬಹುದು, ಆದರೆ ಅಪ್‌ಡೇಟ್ ಮತ್ತು ಡಿಲೀಟ್ ಹಳೆಯ ಸರ್ವರ್‌ನಲ್ಲೇ ಎರರ್ ಹೊಡೆಯುತ್ತವೆ. ಓಡುತ್ತಿರುವ ಸಿಸ್ಟಮ್ಮೇ ನಿಂತ ಹಾಗೆ. ಹಾಗಾಗಿ ಕೀ ಇಲ್ಲದ ಟೇಬಲ್‌ಗಳ ಪಟ್ಟಿ ಮೊದಲೇ ಮಾಡಿ, ಕೀ ಕೊಡಿ, ಆಗದಿದ್ದರೆ ರೆಪ್ಲಿಕಾ ಐಡೆಂಟಿಟಿ ಫುಲ್ (ಇಡೀ ಸಾಲು ನೋಡಿ ಗುರುತಿಸು) ಅಂತ ಇಡಿ. ಮುಂದಿನ ನಂಬರ್ ತಾನೇ ಕೊಡುವ ಸೀಕ್ವೆನ್ಸ್‌ಗಳು ಎಲ್ಲಿಗೆ ತಲುಪಿವೆ ಅನ್ನುವುದು 17ರಲ್ಲೂ ಹರಿದು ಬರುವುದಿಲ್ಲ, ತಿರುಗಿಸುವ ಹೊತ್ತಿಗೆ ನೀವೇ ಮುಂದೆ ತಳ್ಳಬೇಕು. ಮರೆತರೆ ಮೊದಲ ಹೊಸ ಬಿಲ್‌ಗೆ ಹಳೆಯ ನಂಬರ್ ಬಂದು ಡಿಕ್ಕಿ ಹೊಡೆಯುತ್ತದೆ. ಟೇಬಲ್‌ಗೆ ಕಾಲಂ ಸೇರಿಸಿದಂಥ ಬದಲಾವಣೆಗಳೂ ಹೋಗುವುದಿಲ್ಲ, ಆದ್ದರಿಂದ ಆ ದಿನಗಳಲ್ಲಿ ಸಾಫ್ಟ್‌ವೇರ್‌ನವರಿಗೆ ಕೈಮುಗಿದು "ಏನೂ ಮುಟ್ಟಬೇಡಿ" ಅನ್ನಬೇಕು. ಲಾರ್ಜ್ ಆಬ್ಜೆಕ್ಟ್ ಆಗಿ ಇಟ್ಟ ಸ್ಕ್ಯಾನ್ ಫೈಲುಗಳೂ ಬರುವುದಿಲ್ಲ. ಕೊನೆಯದು, ಮತ್ತು ಅತ್ಯಂತ ಅಪಾಯದ್ದು: ಹೊಸ ಸರ್ವರ್ ಯಾವುದೋ ಕಾರಣಕ್ಕೆ ನಿಂತರೆ ಹಳೆಯದು ಅದಕ್ಕಾಗಿ ವಾಲ್ ಫೈಲುಗಳನ್ನು (ಬದಲಾವಣೆಗಳನ್ನು ಬರೆದಿಡುವ ಫೈಲುಗಳು) ಕೂಡಿಡುತ್ತಾ ಹೋಗುತ್ತದೆ, ಡಿಸ್ಕ್ ತುಂಬಿ ಹಳೆಯದೂ ಮಲಗುವವರೆಗೆ. 13ರಿಂದ ಇದಕ್ಕೆ ಮಿತಿ ಹಾಕುವ ಸೆಟ್ಟಿಂಗ್ ಇದೆ, 12ರಲ್ಲಿ ಇಲ್ಲ. ಮಳೆಗಾಲದಲ್ಲಿ ಎರಡು ಕಟ್ಟಡದ ನಡುವೆ ಕೇಬಲ್ ಹೋಗಿ ಒಂದು ವೀಕೆಂಡ್ ಯಾರೂ ನೋಡದೆ ಇದ್ದರೆ ಸಾಕು. ನಿಮ್ಮಲ್ಲಿ ಇದನ್ನು ದಿನಾ ಕಣ್ಣಿಟ್ಟು ನೋಡುವ ಒಬ್ಬರು ಇಲ್ಲದಿದ್ದರೆ ಈ ವಿಧಾನಕ್ಕೆ ಕೈ ಹಾಕಬೇಡಿ. ಒಬ್ಬನೇ ಒಬ್ಬ ಐಟಿಯವ ಇರುವ ಸಂಘಕ್ಕೆ ಇದು ಬೇಡ ಅಂತಲೇ ನನ್ನ ಅಭಿಪ್ರಾಯ.

ಮೈಎಸ್‌ಕ್ಯೂಎಲ್ ಇದ್ದವರಿಗೆ ಬೇಗ ಹೇಳಿಬಿಡುತ್ತೇನೆ. 5.7ರ ಬೆಂಬಲ 2023ರ ಅಕ್ಟೋಬರ್‌ಗೆ ಮುಗಿದಿದೆ, 8.0ರದ್ದು 2026ರ ಏಪ್ರಿಲ್‌ವರೆಗೆ. ಇಲ್ಲಿ ಹಾರುವ ಹಾಗಿಲ್ಲ: 5.7ರಿಂದ 8.0, ಅಲ್ಲಿಂದ 8.4. ಹಳೆಯ ಡೇಟಾ ಫೋಲ್ಡರ್ ಮೇಲೆ ಹೊಸ ಸರ್ವರ್ ಸ್ಟಾರ್ಟ್ ಮಾಡಿದರೆ ಅದೇ ತನ್ನಷ್ಟಕ್ಕೆ ಏರಿಸಿಕೊಳ್ಳುತ್ತದೆ, ಸುಲಭ. ಆದರೆ 8.0 ಒಮ್ಮೆ ಮುಟ್ಟಿದ ಫೋಲ್ಡರನ್ನು 5.7 ಮತ್ತೆ ಓದುವುದಿಲ್ಲ. ಹಾಗಾಗಿ ಅಲ್ಲಿ ಸ್ಟಾರ್ಟ್ ಬಟನ್ನೇ ಮುಚ್ಚುವ ಬಾಗಿಲು, ಮೊದಲು ಫೋಲ್ಡರ್‌ನ ಕಾಪಿ ಬೇಕೇ ಬೇಕು. ಮೈಎಸ್‌ಕ್ಯೂಎಲ್ ಶೆಲ್‌ನಲ್ಲಿ ಅಪ್‌ಗ್ರೇಡ್ ಚೆಕ್ಕರ್ ಇದೆ, ಅದನ್ನು ಓಡಿಸಿ. ಅದು ಹಿಡಿಯದ ಒಂದು ಸಂಗತಿ: ಮೊದಲೆಲ್ಲ ಗ್ರೂಪ್ ಬೈ ಹಾಕಿದರೆ ಉತ್ತರ ಕ್ರಮವಾಗಿ ಜೋಡಿಸಿಯೇ ಬರುತ್ತಿತ್ತು, 8.0ರಲ್ಲಿ ಆ ಗ್ಯಾರಂಟಿ ಇಲ್ಲ. ಯಾವುದೋ ಹಳೆಯ ರಿಪೋರ್ಟ್ ಅದನ್ನೇ ನಂಬಿಕೊಂಡಿದ್ದರೆ ಮಾರನೇ ದಿನ ಪಟ್ಟಿ ಚೆಲ್ಲಾಪಿಲ್ಲಿಯಾಗಿ ಪ್ರಿಂಟ್ ಆಗುತ್ತದೆ.

ಎಸ್‌ಕ್ಯೂಎಲ್ ಸರ್ವರ್ ಅಂತೂ ನಮ್ಮ ಕಡೆಯ ಅಂಗಡಿ, ಕಾಲೇಜು, ಸಣ್ಣ ಆಸ್ಪತ್ರೆಗಳಲ್ಲಿ ಬೇಕಾದಷ್ಟು. 2014ರ ಆವೃತ್ತಿಯ ಬೆಂಬಲ 2024ರ ಜುಲೈ 9ಕ್ಕೆ ನಿಂತಿದೆ, 2016ಕ್ಕೆ 2026ರ ಜುಲೈ 14 ಕೊನೆಯ ದಿನ. ಅಲ್ಲಿ ನನ್ನ ಸಲಹೆ ಒಂದೇ, ಇದ್ದದ್ದರ ಮೇಲೆಯೇ ಏರಿಸಬೇಡಿ, ಪಕ್ಕದಲ್ಲಿ ಹೊಸ ಮೆಷಿನ್ ಇಟ್ಟು ಬ್ಯಾಕಪ್ ರಿಸ್ಟೋರ್ ಮಾಡಿ. ಹಳೆಯ ಬ್ಯಾಕಪ್ ಹೊಸದಕ್ಕೆ ಹೋಗುತ್ತದೆ, ಹೊಸದು ಹಳೆಯದಕ್ಕೆ ಬರುವುದಿಲ್ಲ. ಲಾಗಿನ್‌ಗಳು ಮತ್ತು ಏಜೆಂಟ್ ಜಾಬ್‌ಗಳು (ಹೊತ್ತಿಗೆ ಸರಿಯಾಗಿ ತಾವೇ ಓಡುವ ಕೆಲಸಗಳು) ಡೇಟಾಬೇಸ್ ಬ್ಯಾಕಪ್‌ನಲ್ಲಿ ಇರುವುದಿಲ್ಲ, ಬೇರೆಯಾಗಿ ತನ್ನಿ, ಇಲ್ಲದಿದ್ದರೆ ರಾತ್ರಿಯ ಬ್ಯಾಕಪ್ ಜಾಬ್ ಇಲ್ಲದ ಸರ್ವರ್ ತಿಂಗಳುಗಟ್ಟಲೆ ಓಡುತ್ತಿರುತ್ತದೆ. ಕಂಪ್ಯಾಟಿಬಿಲಿಟಿ ಲೆವೆಲ್ (ಯಾವ ಆವೃತ್ತಿಯ ಹಾಗೆ ನಡೆದುಕೊಳ್ಳಬೇಕು ಅನ್ನುವ ಸೆಟ್ಟಿಂಗ್) ಮೊದಲು ಹಳೆಯದ್ದೇ ಇರಲಿ. ಒಂದೆರಡು ವಾರ ಓಡಿಸಿ, ಯಾವ ಕ್ವೆರಿ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡುವ ಕ್ವೆರಿ ಸ್ಟೋರ್ ಆನ್ ಮಾಡಿ ನೋಡಿ, ಆಮೇಲೆ ಏರಿಸಿ. ಆ ಲೆವೆಲನ್ನು ಮಾತ್ರ ಯಾವಾಗ ಬೇಕಾದರೂ ಇಳಿಸಬಹುದು.

ಇನ್ನು ಟ್ರಯಲ್. ಯಕ್ಷಗಾನದವರು ಪ್ರಸಂಗ ಆಡುವ ಮೊದಲು ಟ್ರಯಲ್ ಅನ್ನುತ್ತಾರಲ್ಲ, ಹಾಗೆ, ವೇಷ ಇಲ್ಲದೆ ಆದರೂ ಪದ್ಯ ಪೂರ್ತಿ. ನಿಜವಾದ ಡೇಟಾದ ಪೂರ್ತಿ ಕಾಪಿ, ನಿಜವಾಗಿ ಬಳಸುವ ಮೆಷಿನ್. ಹತ್ತು ಜಿಬಿ ಸ್ಯಾಂಪಲ್ ಹಾಕಿ ಹದಿನೆಂಟರಿಂದ ಗುಣಿಸುವುದಲ್ಲ. ಪ್ರತಿ ಹೆಜ್ಜೆಗೂ ಶುರುವಾದ ಗಂಟೆ, ಮುಗಿದ ಗಂಟೆ ಬರೆಯಿರಿ, ಕೊಟ್ಟ ಕಮಾಂಡ್ ಅಕ್ಷರಶಃ ಬರೆಯಿರಿ. ನಾನು ಎರಡು ಸಲ ಮಾಡಿದೆ. ಎರಡನೇ ಸಲ, ಬರೆದಿಟ್ಟ ಕಾಗದವನ್ನು ಬಿಟ್ಟು ಬೇರೇನೂ ನೋಡದೆ.

ಟ್ರಯಲ್‌ನಲ್ಲಿ ಅಪ್ಲಿಕೇಶನನ್ನೂ ಹೊಸ ಸರ್ವರ್‌ಗೆ ಜೋಡಿಸಲೇಬೇಕು. ನಮ್ಮಲ್ಲಿ ಕೌಂಟರಿನ ಪ್ರೋಗ್ರಾಂ ತೆರೆಯಿತು, ಪಿಗ್ಮಿಯದ್ದು ತೆರೆಯಲಿಲ್ಲ. ಕಾರಣ ಪಾಸ್‌ವರ್ಡ್. 14ರಿಂದ ಪೋಸ್ಟ್‌ಗ್ರೆಸ್ ಹೊಸ ಪಾಸ್‌ವರ್ಡ್‌ಗಳನ್ನು ಸ್ಕ್ರಾಮ್ ರೀತಿಯಲ್ಲಿ ಇಡುತ್ತದೆ, ಹಳೆಯ ಸರ್ವರ್‌ನಿಂದ ಬಂದವು ಎಂಡಿ5 ರೀತಿಯವು. ಯಾರು ಎಲ್ಲಿಂದ ಬರಬಹುದು ಅಂತ ಬರೆದಿಡುವ ಎಚ್‌ಬಿಎ ಫೈಲಿನಲ್ಲಿ ಸ್ಕ್ರಾಮ್ ಮಾತ್ರ ಅಂತ ಇದ್ದರೆ ಎಂಡಿ5 ಪಾಸ್‌ವರ್ಡ್‌ನವರಿಗೆ ಪ್ರವೇಶ ಇಲ್ಲ. ಎಂಡಿ5 ಅಂತ ಬರೆದರೆ ಎರಡು ತರದವರೂ ಒಳಗೆ ಬರುತ್ತಾರೆ. ಕೌಂಟರಿನದಕ್ಕೆ ನಾನು ಹೊಸ ಪಾಸ್‌ವರ್ಡ್ ಕೊಟ್ಟಿದ್ದೆ, ಪಿಗ್ಮಿಯದ್ದರ ಡ್ರೈವರ್ (ಪ್ರೋಗ್ರಾಂ ಅನ್ನು ಡೇಟಾಬೇಸ್‌ಗೆ ಜೋಡಿಸುವ ಭಾಗ) ತುಂಬಾ ಹಳೆಯದು, ಅದಕ್ಕೆ ಸ್ಕ್ರಾಮ್ ಗೊತ್ತೇ ಇಲ್ಲ. ಸದ್ಯಕ್ಕೆ ಎಂಡಿ5 ಇಟ್ಟು, ಡ್ರೈವರ್ ಬದಲಿಸಲು ಸಾಫ್ಟ್‌ವೇರ್‌ನವರಿಗೆ ಹೇಳಿದೆ. ಅದು ಆಗಲು ಮೂರು ತಿಂಗಳು ಹಿಡಿಯಿತು, ಅದು ಬೇರೆ ಪುರಾಣ.

ದಿನ ಆರಿಸುವಾಗ ಪಂಚಾಂಗವನ್ನೂ ನೋಡಿ, ತಮಾಷೆಗಲ್ಲ. ಮಾರ್ಚ್ ಕೊನೆ ಬೇಡವೇ ಬೇಡ. ಏಪ್ರಿಲ್, ಮೇ ಸಂಜೆಗಳಲ್ಲಿ ಸಿಡಿಲು, ಕರೆಂಟ್ ನಂಬುವ ಹಾಗಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯ ಇರುವ ವಾರ ಉಡುಪಿ ಪೇಟೆಯೊಳಗೆ ಒಂದು ಹಾರ್ಡ್ ಡಿಸ್ಕ್ ತರಿಸಲೂ ಕಷ್ಟ. ನಾವು ಡಿಸೆಂಬರ್ ಶುರುವಿನ ಒಂದು ಶನಿವಾರ ಇಟ್ಟುಕೊಂಡೆವು, ಜನರೇಟರ್‌ಗೆ ಡೀಸೆಲ್ ತುಂಬಿಸಿಟ್ಟು.

ಆ ರಾತ್ರಿಗೆ ಒಂದು ಗಡುವು ಮೊದಲೇ ಬರೆದಿಡಿ. ನಮ್ಮದು ಬೆಳಿಗ್ಗೆ ಒಂಬತ್ತು. ಒಂಬತ್ತಕ್ಕೆ ರಿಸ್ಟೋರ್ ಮುಗಿಯದಿದ್ದರೆ, ಇನ್ನು ಹತ್ತೇ ನಿಮಿಷ ಅನಿಸಿದರೂ, ಬಿಟ್ಟು ಹಳೆಯದಕ್ಕೆ ವಾಪಸ್. ನಿದ್ದೆಗೆಟ್ಟ ಮಂಡೆಗೆ ಆಗ ಯೋಚನೆ ಮಾಡುವ ಕೆಲಸ ಕೊಡಬಾರದು. ಗಡುವನ್ನು ಸೆಕ್ರೆಟರಿಯವರ ಮೊಬೈಲಿಗೂ ಕಳಿಸಿಟ್ಟಿದ್ದೆ, ನಾನು ಹಠ ಹಿಡಿದರೆ ಅವರಾದರೂ ನಿಲ್ಲಿಸಲಿ ಅಂತ.

ಹನ್ನೊಂದಕ್ಕೆ ಅಪ್ಲಿಕೇಶನ್ ನಿಲ್ಲಿಸಿ, ಎಚ್‌ಬಿಎ ಫೈಲಿನಲ್ಲಿ ಎಲ್ಲರನ್ನೂ ತಡೆದು, ನನ್ನದೊಂದು ಸಂಪರ್ಕ ಮಾತ್ರ ಇಟ್ಟೆ. ಇದನ್ನು ಮರೆಯಬೇಡಿ, ಡಂಪ್ ಶುರುವಾದ ಮೇಲೆ ಯಾರೋ ಒಬ್ಬರು ಬರೆದದ್ದು ಹಳೆಯದರಲ್ಲೇ ಉಳಿದು ಹೋಗುತ್ತದೆ. ನಾಲ್ಕೂಕಾಲಿಗೆ ರಿಸ್ಟೋರ್ ಮುಗಿಯಿತು. ಕೂಡಲೇ ಟೇಬಲ್‌ಗಳ ಅಂಕಿಅಂಶ ತೆಗೆಯುವ ಅನಲೈಜ್ ಕಮಾಂಡ್ ಓಡಿಸಿದೆ. ಡಂಪ್ ರಿಸ್ಟೋರ್ ಆಗಲಿ, 17ಕ್ಕೆ ಪಿಜಿ ಅಪ್‌ಗ್ರೇಡ್ ಆಗಲಿ, ಅಂಕಿಅಂಶಗಳು ಜೊತೆಗೆ ಬರುವುದಿಲ್ಲ (18ರ ಪಿಜಿ ಅಪ್‌ಗ್ರೇಡ್ ಬಹುಪಾಲು ತರುತ್ತದೆ). ಅವಿಲ್ಲದೆ ಸರ್ವರ್‌ಗೆ ಯಾವ ಟೇಬಲ್ ಎಷ್ಟು ದೊಡ್ಡದು ಅಂತ ಸರಿಯಾದ ಅಂದಾಜಿಲ್ಲ, ಸೆಕೆಂಡಿನ ಕ್ವೆರಿ ನಿಮಿಷ ತಿನ್ನುತ್ತದೆ, "ಹೊಸದು ಹಳೆಯದಕ್ಕಿಂತ ಸ್ಲೋ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ಸಾಲು ಎಣಿಸಿ ಹೊಂದಿಸಿದರೆ ಸಾಲದು. ಒಂಬತ್ತೂ ಬ್ರಾಂಚಿನ ಶನಿವಾರದ ಡೇ ಬುಕ್, ಠೇವಣಿ ಒಟ್ಟು ಮೊತ್ತ, ಸಾಲದ ಬಾಕಿ, ಇವನ್ನು ಹಳೆಯದರಲ್ಲಿ ಪ್ರಿಂಟ್ ತೆಗೆದಿಟ್ಟಿದ್ದೆವು. ಬೆಳಿಗ್ಗೆ ಎಂಟಕ್ಕೆ ಅಕೌಂಟ್ಸ್ ನೋಡುವ ಅಕ್ಕ ಬಂದು, ಹೊಸದರಿಂದ ಅದೇ ಪ್ರಿಂಟ್ ತೆಗೆದು, ಎರಡು ಕಾಗದ ಪಕ್ಕಪಕ್ಕ ಇಟ್ಟು ಸ್ಕೇಲ್ ಹಿಡಿದು ಒಂದೊಂದೇ ಸಾಲು ಟಿಕ್ ಹಾಕಿದರು. ಅವರು ಸರಿ ಅಂದ ಮೇಲೆ ಮಧ್ಯಾಹ್ನ ಮೂರಕ್ಕೆ, ಮತ್ತೊಂದು ಬ್ಯಾಕಪ್ ತೆಗೆದು, ಅಪ್ಲಿಕೇಶನ್ ತೆರೆದೆವು. ನಮ್ಮ ಬಾಗಿಲು ಮುಚ್ಚಿದ್ದು ಅಲ್ಲಿ, ಮೊದಲ ಪಿಗ್ಮಿ ಕಲೆಕ್ಷನ್ ಬಂದು ಬಿದ್ದಾಗ. ಅದರ ನಂತರ ಹಿಂದೆ ಹೋಗುವುದಾದರೆ ಆಮೇಲಿನ ವಹಿವಾಟನ್ನು ಕೈಯಲ್ಲೇ ಮತ್ತೆ ಹಾಕಬೇಕು. ಸೋಮವಾರ ಮಧ್ಯಾಹ್ನದವರೆಗೆ ಅದೂ ಮಾಡಬಹುದಾದ ಕೆಲಸ, ಆಮೇಲೆ ಅಲ್ಲ ಅಂತ ಮೊದಲೇ ಒಪ್ಪಿಕೊಂಡಿದ್ದೆವು.

ಹಳೆಯ ಸರ್ವರ್ ಕೂಡಲೇ ಅಳಿಸಬೇಡಿ, ಹಾಗಂತ ನೆಟ್‌ವರ್ಕ್‌ನಲ್ಲೂ ಬಿಡಬೇಡಿ. ಯಾವುದೋ ಬ್ರಾಂಚಿನ ಒಂದು ಪಿಸಿಯಲ್ಲಿ ಹಳೆಯ ಐಪಿ ಉಳಿದಿದ್ದು, ಅದು ಸದ್ದಿಲ್ಲದೆ ಅಲ್ಲೇ ಬರೆಯುತ್ತಾ ಇದ್ದರೆ ಗೊತ್ತೇ ಆಗುವುದಿಲ್ಲ. ಕೇಬಲ್ ತೆಗೆದು, ಆಡಿಟ್ ಮುಗಿಯುವವರೆಗೆ ಮೂಲೆಯಲ್ಲಿಟ್ಟೆವು. ಆಮೇಲೆ ಗುಜರಿಗೆ ಕೊಡುವಾಗ ಡಿಸ್ಕ್‌ಗಳನ್ನು ಹೊರತೆಗೆದು, ಸದಸ್ಯರ ಆಧಾರ್, ಪ್ಯಾನ್ ಎಲ್ಲ ಅದರಲ್ಲೇ ಇರುವುದರಿಂದ, ಪಕ್ಕದ ವರ್ಕ್‌ಶಾಪಿನಲ್ಲಿ ಒಂದೊಂದಕ್ಕೂ ನಾಲ್ಕು ತೂತು ಹೊಡೆಸಿದೆ. ಗುಜರಿಯವರು ಅದನ್ನು ನೋಡಿ ಐವತ್ತು ರೂಪಾಯಿ ಕಡಿಮೆ ಕೊಟ್ಟರು.